ಒಂದೇ ಒಂದು ಫೋನು

ಅಶೋಕ ಆ ಮಾತನ್ನು ಮನೆಗೆ ಬಂದು ಮೆಲ್ಲಗೆ ಹೇಳಿದ್ದರೆ ಜಯಕುಮಾರ ಒಂದು ಲೋಟ ಕಾಫಿ ಕುಡಿಸಿ ಕಳಿಸಿಬಿಡುತ್ತಿದ್ದ. ಆದರೆ ಅವನು ಹೇಳಿದ್ದು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಹತ್ತಿರದ ಹೋಟೆಲಿನಲ್ಲಿ, ಬೆಳಗಿನ ಇಡ್ಲಿಯ ಹೊತ್ತಿನಲ್ಲಿ, ಅದೂ ರಿಟೈರ್ಡ್ ಕಂಡಕ್ಟರ್ ಹುಚ್ಚಯ್ಯನವರ ಎದುರಿಗೆ. ಹುಚ್ಚಯ್ಯನವರ ಕಿವಿಗೆ ಬಿದ್ದ ಮಾತು ಇಡ್ಲಿ ಅರಗುವುದರೊಳಗೆ ಕೆಂಗಲ್ ದಾಟಿರುತ್ತದೆ.

"ಜಯಣ್ಣ, ಬೇಜಾರ್ ಮಾಡ್ಕೋಬ್ಯಾಡ. ನಿಮ್ ಚಾನೆಲ್ ತೆಗೀತಾ ಇವ್ನಿ. ಬೆಂಗಳೂರ್ನೋರು ಯಾರೋ ಆ ನಂಬರಿಗೆ ಹರಳಿನ ಉಂಗುರ ಮಾರೋ ಚಾನೆಲ್ ಹಾಕ್ತಾರಂತೆ. ನಿಮ್ದನ್ನ ಈಗ ಯಾರ್ ನೋಡ್ತಾರಣ್ಣ?" ಎಂದ ಅಶೋಕ.

ಅಶೋಕ ಊರಿಗೂ ಸುತ್ತಲ ಹಳ್ಳಿಗಳಿಗೂ ಕೇಬಲ್ ಕೊಡುವವನು. ಅವನ ಕಂಟ್ರೋಲ್ ರೂಮಿನಲ್ಲಿ ಒಂದು ವೈರು ಕಿತ್ತರೆ ಆರೆಲ್ ವಿಷನ್ನಿನ ಕತೆ ಮುಗಿದಂತೆ. ಆರೆಲ್ ಅಂದರೆ ರಾಮಲಿಂಗಯ್ಯ, ಜಯಕುಮಾರನ ಅಪ್ಪ. ಒಂದು ಹಳೆಯ ವಿಸಿಆರ್ ಇಟ್ಟುಕೊಂಡು ಶುರು ಮಾಡಿದ ಚಾನೆಲ್ಲಿಗೆ ತನ್ನ ಹೆಸರನ್ನೇ ಇಟ್ಟು, ಅದನ್ನು ಮಗನ ಕೈಗೆ ಒಪ್ಪಿಸಿ ತೀರಿಕೊಂಡ ಮನುಷ್ಯ. ಈಗ ಅದನ್ನು ನಡೆಸುತ್ತಿರುವವರು ಗಂಡ ಹೆಂಡತಿ ಇಬ್ಬರೇ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಹೆಂಡತಿ ರಾಧಾಮಣಿ ಬೆಳಿಗ್ಗೆ ಕ್ಯಾಮೆರಾ ಮುಂದೆ ಕೂತು ವಾರ್ತೆ ಓದುತ್ತಾಳೆ. ಮಿಕ್ಕ ಹೊತ್ತು ಜಯಕುಮಾರನ ಕಂಪ್ಯೂಟರಿನಿಂದ ರೇಷ್ಮೆ ಗೂಡಿನ ರೇಟು, ಕರೆಂಟು ಹೋಗುವ ಏರಿಯಾಗಳು, ಹುಟ್ಟುಹಬ್ಬದ ಫೋಟೋ, ಶ್ರದ್ಧಾಂಜಲಿಯ ಫೋಟೋ, ಕಳೆದುಹೋದ ಮೇಕೆಯ ಫೋಟೋ, ನಡುನಡುವೆ ಭಕ್ತಿಗೀತೆ. ಬೇರೆ ಕೆಲಸ ಅವನಿಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

"ಯಾರ್ ನೋಡ್ತಾರಾ? ಲೇ ಅಶೋಕ, ಒಂದಿನ ಆಫ್ ಮಾಡುದ್ರೆ ಇಡೀ ಊರು ನಮ್ಮನೆ ಬಾಗ್ಲಲ್ಲಿ ಬಂದ್ ನಿಂತ್ಕತದೆ ಕಣ್ಲಾ!"

"ಹಂಗಾದ್ರೆ ಆಫ್ ಮಾಡು," ಎಂದರು ಹುಚ್ಚಯ್ಯ, ಚಟ್ನಿಯಿಂದ ತಲೆ ಎತ್ತದೆ. "ಇವತ್ತೇ ಆಫ್ ಮಾಡು. ದೀಪ ಹಚ್ಚೋ ಹೊತ್ಗೆ ಹೊರಗ್ನೋರು ಒಬ್ರು, ಒಬ್ರೇ ಒಬ್ರು ಫೋನ್ ಮಾಡಿ 'ಯಾಕಪ್ಪ ಬತ್ತಾ ಇಲ್ಲ' ಅಂತ ಕೇಳಿದ್ರೆ ಚಾನೆಲ್ ಉಳ್ಕಳ್ಳಿ. ಕೇಳ್ದಿದ್ರೆ ಉಂಗುರದೋನು ಬರ್ಲಿ. ಮನೆಯೋರು ಮಾಡಿದ್ ಫೋನು ಲೆಕ್ಕಕ್ಕಿಲ್ಲ. ಏನ್ಲಾ, ಒಪ್ಪಿಗೆಯಾ?"

"ಒಬ್ರಾ? ಫೋನ್ ಬಿಸಿಯಾಗಿ ಸಿಡಿಯಂಗೆ ಮಾಡ್ತಾರೆ, ನೋಡ್ತಾ ಇರಿ!" ಎಂದು ಜಯಕುಮಾರ ಎದ್ದ. ಅಶೋಕನೂ ಹೂಂ ಎಂದ. ಹೋಟೆಲಿನವರೆಲ್ಲ ಚಪ್ಪಾಳೆ ತಟ್ಟಿದರು. ಇಂಥ ಚಪ್ಪಾಳೆ ಕೇಳಿದ ಗಂಡಸಿಗೆ ಮನೆ ತಲುಪುವವರೆಗೂ ಬುದ್ಧಿ ಬರುವುದಿಲ್ಲ.

ಮನೆಯಲ್ಲಿ ರಾಧಾಮಣಿ ಆಗತಾನೆ ವಾರ್ತೆ ಓದಿ ಎದ್ದು, ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಅವಳ ತಮ್ಮ ಮನುವಿನ ಮದುವೆಯಾಗಿ ಅವತ್ತು ಕೂಟಗಲ್ಲಿನಲ್ಲಿ ಬೀಗರೂಟ. ಮನೆಯ ದೊಡ್ಡ ಅಳಿಯ ಬೀಗರೂಟಕ್ಕೆ ಹೋಗದಿರುವುದೆಂದರೆ ಮದುವಣಿಗನೇ ಧಾರೆಗೆ ಹೋಗದಿದ್ದ ಹಾಗೆ.

"ಬುದ್ಧಿ ಐತಾ ನಿಮ್ಗೆ? ನಮ್ಮಪ್ಪ ಎಲೆ ಮುಂದೆ ಕಾಯ್ತಾ ಕುಂತಿರ್ತಾರೆ. ಅಷ್ಟಕ್ಕೂ ಫೋನ್ ಬರ್ದೆ ಹೋದ್ರೆ?" ಎಂದಳು ಪಂದ್ಯದ ಸುದ್ದಿ ಕೇಳಿ.

"ಬರ್ದಿದ್ರೆ ನನ್ನೆಸ್ರು ಜಯಕುಮಾರನೇ ಅಲ್ಲ!"

"ಹೆಸರ್ ಇರ್ಲಿ. ನಾಳೆಯಿಂದ ಊಟಕ್ಕೇನ್ ಮಾಡೋದು?"

ಹೊರಗೆ ಆಟೋದವನು ಹಾರ್ನ್ ಹೊಡೆದ. ರಾಧಾಮಣಿ ಗಂಡನನ್ನು ಬೈಯುವ ಕೆಲಸ ಅರ್ಧಕ್ಕೇ ಬಿಟ್ಟು ಓಡಿದಳು.

ಜಯಕುಮಾರ ಕಂಪ್ಯೂಟರನ್ನು ಗಂಭೀರವಾಗಿ ಆಫ್ ಮಾಡಿದ. ಅದರ ಪ್ಲಗ್ಗನ್ನೂ ಕಿತ್ತ. ಬರಿದಾದ ಚಾನೆಲ್ ನೋಡಲು ಮನಸ್ಸು ಬಾರದೆ ಮನೆಯ ಟಿವಿಯನ್ನು ಆರಿಸಿ ಅದರ ಮೇಲೆ ಟವೆಲ್ ಹೊದಿಸಿದ. ಆಮೇಲೆ ಷರಟು ಬಿಚ್ಚಿ, ಬನಿಯನ್, ಲುಂಗಿಯಲ್ಲಿ ಬಂದು, ಚಾನೆಲ್ಲಿನ ನಂಬರಿರುವ ಮೊಬೈಲನ್ನು ವಾರ್ತೆ ಓದುವ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತ.

ಫೋನು ಸುಮ್ಮನಿತ್ತು. ಚಾರ್ಜು ನೋಡಿದ, ತುಂಬಾ ಇತ್ತು. ಸಿಗ್ನಲ್ ನೋಡಿದ, ಕಡ್ಡಿಗಳೆಲ್ಲ ನೆಟ್ಟಗೆ ನಿಂತಿದ್ದವು. "ಇನ್ನೂ ತಿಂಡಿ ಹೊತ್ತು. ತಿಂದ್ ಕೈತೊಳ್ಕೊಂಡು ಮಾಡ್ತಾರೆ. ಒಂದ್ ಫೋನ್ ಬರ್ಲಿ, ತಕ್ಷಣ ಕಂಪ್ಯೂಟರ್ ಹಾಕ್ತೀನಿ," ಎಂದ ಗಟ್ಟಿಯಾಗಿ. ಒಬ್ಬನೇ ಇದ್ದಾಗ ಗೋಡೆಯ ಜೊತೆಗಾದರೂ ಮಾತಾಡದಿದ್ದರೆ ಅವನಿಗೆ ಉಸಿರು ಕಟ್ಟುತ್ತದೆ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ರಾಮಲಿಂಗಯ್ಯನವರು ಬೇರೆ ಇದ್ದರು, ಮಾತು ಕೇಳುವುದಕ್ಕೆ.

ತಿಂಡಿಯ ಹೊತ್ತು ಕಳೆದು ಬಿಸಿಲೇರಿತು. ಫೋನು ಕುಂಯ್ ಎನ್ನಲಿಲ್ಲ. ಜಯಕುಮಾರನಿಗೆ ಸಿಟ್ಟು ಬಂತು.

"ಅಪ್ಪಾ, ನೋಡ್ದಾ ಈ ಜನಾನ? ನಾವು ಯಾರಿಗ್ ಏನ್ ಕಮ್ಮಿ ಮಾಡಿದೀವಿ? ಇವತ್ತು ಬೆಳಗ್ಗೆ ಫೋನ್ ಮಾಡುದ್ರೆ ಒಂದೆರಡ್ ನಿಮಿಷ ಖರ್ಚು. ಅಷ್ಟೂ ಆಗಲ್ವಾ? ಪಕ್ಕದ್ಮನೆ ಸರಸಮ್ಮನ್ನೇ ತಗೋ. ಮೊಮ್ಮಗನ ಹುಟ್ಟಿದಬ್ಬಕ್ಕೆ ವಾರವೆಲ್ಲ ಫೋಟೋ ಹಾಕ್ದೆ. ಅದ್ರದ್ ಮೂಗಲ್ಲಿ ಸುರೀತಿದ್ದ ಸಿಂಬಳಾನ ಕಂಪ್ಯೂಟರಲ್ಲಿ ಕೂತು ನಾನೇ ಒರೆಸ್ದೆ. ಫೋನ್ ಮಾಡಿದ್ಲಾ ಮಹಾತಾಯಿ?"

ಸ್ವಲ್ಪ ಹೊತ್ತಿಗೇ ಬಾಗಿಲು ತೆರೆಯಿತು. ಸರಸಮ್ಮ! ಮಾವಿನಕಾಯಿ ಬಣ್ಣದ ಸೀರೆ, ತಲೆ ತುಂಬ ಮಲ್ಲಿಗೆ, ಕಂಕುಳಲ್ಲಿ ಪೌಡರು ಬಳಿದ ಮೊಮ್ಮಗ. ಬಂದವರೇ ಎದುರಿನ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು ನೆಟ್ಟಗೆ ಕುಳಿತರು.

"ಸಿಂಬಳ ಯಾವ್ ಮಗೀಗ್ ಬರಲ್ಲ, ಜಯಣ್ಣ?" ಎಂದರು ಗೋಡೆಗೆ ಹೇಳುವಂತೆ, ಗಟ್ಟಿಯಾಗಿ. "ಈಗ್ ನೋಡ್ಲಿ ಎಲ್ರೂ. ಹೆಂಗವ್ನೆ ನನ್ ಕಂದ! ಪುಟ್ಟಾ, ಪದ್ಯ ಹೇಳು."

ಮಗು ಪದ್ಯ ಹೇಳಿತು. ಗೋಡೆ ತೆಳ್ಳಗಿದ್ದುದರಿಂದ ತನ್ನ ಮಾತು ಪಕ್ಕದ ಮನೆಗೆ ಕೇಳಿಸಿಬಿಟ್ಟಿದೆ ಎಂದು ಜಯಕುಮಾರ ನಾಚಿ ನೀರಾದ. "ಸರಸಮ್ಮಾ, ಬೈದಿದ್ದು ತಪ್ಪಾಯ್ತು. ಆದ್ರೆ ಒಂದ್ ಫೋನ್ ಮಾಡ್ಬೋದಿತ್ತಲ್ಲ?"

"ಫೋನ್ಯಾಕಪ್ಪ, ನಾನೇ ಬಂದಿವ್ನಲ್ಲ!" ಎಂದು ಸರಸಮ್ಮ ಎದ್ದರು. ಹೋಗುವ ಮುಂಚೆ ಕ್ಯಾಮೆರಾ ಇದ್ದ ಮೂಲೆಯ ಕಡೆಗೆ ಕೈಮುಗಿದರು. ಆ ಮೂಲೆಯಲ್ಲಿ ಯಾವ ದೇವರ ಫೋಟೋ ಇದೆಯೆಂದು ಜಯಕುಮಾರನಿಗೆ ನೆನಪಾಗಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು! ಹಾರಿ ಹಿಡಿದ. ರಾಧಾಮಣಿ. ಕಟ್ ಮಾಡಿದ. ಮತ್ತೆ ಬಂತು. ಮತ್ತೆ ಕಟ್ ಮಾಡಿದ.

"ಲೈನ್ ಬ್ಯುಸಿ ಮಾಡ್ತಾಳಲ್ಲಪ್ಪಾ ಇವ್ಳು! ಊಟಕ್ ಬನ್ನಿ ಅಂತ ಕರ್ಯಕ್ಕೆ. ಏನೈತೆ ಅಲ್ಲಿ ಊಟ? ನಮ್ಮಾವನ ಮನೆ ಮಟನ್ ಸಾರಲ್ಲಿ ಪೀಸ್ ಸಿಗ್ಬೇಕು ಅಂದ್ರೆ ಟಾರ್ಚ್ ಬಿಟ್ಟು ಹುಡುಕ್ಬೇಕು. ಆ ಮನು ಬೇರೆ, ವೈರಿಂಗ್ ಕಲ್ತಿವ್ನಿ ಅಂತ ಒಂದು ಬಲ್ಬು ಹಾಕಿ ಮನೇಗೆಲ್ಲ ಶಾಕ್ ಹೊಡಿಯಂಗ್ ಮಾಡೋನು. ಯಾವ್ ಪುಣ್ಯಾತ್ಮ ಹೆಣ್ ಕೊಟ್ನೋ!"

ಫೋನು ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಕೊನೆಗೆ ಹೆಂಡತಿಯ ನಂಬರನ್ನೇ ಬ್ಲಾಕ್ ಮಾಡಿ ನೆಮ್ಮದಿಯಿಂದ ಕೂತ.

ಊಟದ ಹೊತ್ತಿಗೆ ಗೊತ್ತಿಲ್ಲದ ನಂಬರೊಂದು ಬಂತು. "ಹಲೋ, ಆರೆಲ್ ವಿಷನ್! ಹೇಳಿ ಅಮ್ಮಾ, ಏನ್ ಬತ್ತಾ ಇಲ್ಲ ನಿಮ್ಮನೇಲಿ?" ಎಂದು ಕೂಗಿದ. ಆ ಕಡೆಯ ಹೆಣ್ಣುದನಿ, ಹೊಸ ಕಾಲರ್ ಟ್ಯೂನಿಗಾಗಿ ಒಂದನ್ನು ಒತ್ತಿ ಎಂದಿತು. "ಒತ್ತುತೀನಮ್ಮ, ಎಷ್ಟ್ ಬೇಕಾದ್ರೂ ಒತ್ತುತೀನಿ. ನೀನು ಚಾನೆಲ್ ಬತ್ತಾ ಇಲ್ಲ ಅಂತ ಒಂದ್ಸಲ ಹೇಳ್ಬುಡು!" ಅದು ರೆಕಾರ್ಡಾದ ದನಿ. ಎರಡನ್ನೂ ಒತ್ತಬಹುದು ಎಂದು ಹೇಳಿ ಕಡಿದುಕೊಂಡಿತು. ಒತ್ತಿದ ತಪ್ಪಿಗೆ ಅವನಿಗೆ ಬೇಡದ ಕಾಲರ್ ಟ್ಯೂನು ಬಂದು ಕೂತಿತು.

ಊಟಕ್ಕೆ ತಣ್ಣನೆಯ ಮುದ್ದೆ, ಬಸ್ಸಾರು ಮೇಜಿನ ಮೇಲೇ ಆಯಿತು. ತುತ್ತು ಬಾಯಲ್ಲಿದ್ದಾಗಲೇ ಹುಚ್ಚಯ್ಯನವರು ಬಂದರು. ಹಳೇ ಕಂಡಕ್ಟರ್ ಯೂನಿಫಾರಂ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. "ನೀನ್ ಉಣ್ಣು, ನಿನ್ ಪಾಡಿಗ್ ಉಣ್ಣು," ಎಂದು ಅವನ ಪಕ್ಕದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ತಮ್ಮ ಬೀದಿಯ ಚರಂಡಿಯ ಬಗ್ಗೆ ಭಾಷಣ ಶುರುಮಾಡಿದರು. ಚರಂಡಿ ಎಲ್ಲಿ ಕಟ್ಟಿದೆ, ಎಂಥ ಸೊಳ್ಳೆ ಬರುತ್ತದೆ, ಸೊಳ್ಳೆ ಕಚ್ಚಿ ಅವರ ಹೆಂಡತಿಯ ಕಾಲು ಹೇಗಾಗಿದೆ, ಒಂದೂ ಬಿಡಲಿಲ್ಲ. ಭಾಷಣ ಮುಗಿಸಿ ಒಂದು ಸಲಾಂ ಹೊಡೆದು ಹೊರಟರು.

"ಪಾಪ, ವಯಸ್ಸಾಯ್ತು," ಎಂದುಕೊಂಡ ಜಯಕುಮಾರ. ಆದರೆ ಅರ್ಧ ಗಂಟೆಯೊಳಗೆ ಚರಂಡಿ ಕೆಲಸದವರು ಟ್ರ್ಯಾಕ್ಟರು, ಬಿದಿರಿನ ಗಳ, ಸಲಿಕೆ ಸಮೇತ ಆ ಬೀದಿಗೆ ನುಗ್ಗಿದ್ದು ಕಿಟಕಿಯಲ್ಲಿ ಕಂಡಿತು. ಮುದುಕರ ಬಾಯಲ್ಲಿ ಏನೋ ಶಕ್ತಿಯಿದೆ ಅನ್ನಿಸಿತು ಅವನಿಗೆ.

ಬಿಸಿಲು ಇಳಿಯುವ ಹೊತ್ತಿಗೆ ಸಿಟ್ಟೂ ಇಳಿದು ಬರೀ ಸಂಕಟ ಉಳಿಯಿತು. ಇನ್ನು ನಾಳೆಯಿಂದ ಈ ಮೇಜು, ಕುರ್ಚಿ ಯಾತಕ್ಕೆ? ಆಗ ಅವನಿಗೆ ಒಂದು ಆಸೆ ಹುಟ್ಟಿತು. ವಾರ್ತೆ ಓದಬೇಕೆಂಬುದು ಅವನ ಹಳೆಯ ಹಂಬಲ. ಅಪ್ಪ ಬಿಟ್ಟಿರಲಿಲ್ಲ. "ನಿನ್ ದನಿ ಕೇಳಿದ್ರೆ ಎಮ್ಮೆ ಹೆದರಿ ಕರು ಹಾಕ್ತದೆ" ಅಂದಿದ್ದರು. ಹೆಂಡತಿಯೂ ಬಿಟ್ಟಿರಲಿಲ್ಲ. ಈಗ ಯಾರ ಅಪ್ಪಣೆ ಬೇಕು? ಬನಿಯನ್ ಮೇಲೇ ಕೋಟು ಹಾಕಿ, ಲುಂಗಿಯಲ್ಲೇ ಕೂತು, ಬೆಳಗಿನ ವಾರ್ತೆಯ ಹಾಳೆ ಹಿಡಿದು ಓದಿದ. ಗೂಡಿನ ರೇಟು ಓದಿದ. ಕಳೆದುಹೋದ ಮೇಕೆಯ ಚಹರೆ ಓದುವಾಗ ಮೇಕೆಯಂತೆ ಕೂಗಿಯೂ ತೋರಿಸಿದ. ಓದಿ ಮುಗಿದಾಗ ಕಣ್ಣಲ್ಲಿ ನೀರು ನಿಂತಿತ್ತು. ಎದ್ದು ಅಪ್ಪನ ಫೋಟೋದ ಮುಂದೆ ನಿಂತ.

"ಅಪ್ಪಾ, ನಿನ್ ಹೆಸರು ಉಳಿಸ್ಕಳಕ್ ಆಗ್ಲಿಲ್ಲ ಕಣಪ್ಪ. ಊರ್ನೋರು ಕೆಟ್ಟೋರಲ್ಲ, ನಾನೇ ಬೈದ್ಬುಟ್ಟೆ. ಅವರ್ ಮನೆ ಹುಟ್ಟು, ಮದುವೆ, ಸಾವು ಎಲ್ಲಾ ಈ ಕೋಣೆಯಿಂದ್ಲೇ ಹೋಯ್ತು. ನಂಗೆ ಅದೇ ಸಂತೋಷ ಇತ್ತು. ನನ್ ಕೈಲಿ ಬೇರೇನೂ ಮಾಡಕ್ ಬರಲ್ಲಪ್ಪಾ."

ಕೋಟನ್ನು ಕಳಚಿಟ್ಟು ಹೊರಗೆ ಹೊರಟ. ಅಶೋಕ ಬರುವ ಮೊದಲೇ ಒಪ್ಪಿಸಿಬಿಡುವುದು ಮರ್ಯಾದೆ.

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಪಾನಿಪೂರಿ ಗಾಡಿಯ ಹತ್ತಿರ ಪಾನಿಪೂರಿಯವನೇ ಇಲ್ಲ. ತರಕಾರಿ ಅಂಗಡಿಯಲ್ಲಿ ಒಂದು ಹಸು ತನಗೆ ಬೇಕಾದ ಸೊಪ್ಪನ್ನು ತಾನೇ ಆರಿಸಿಕೊಳ್ಳುತ್ತಿತ್ತು. ತಿರುವಿನಲ್ಲಿ ಟೈಲರ್ ಇಸ್ಮತ್ ಅಂಗಡಿಯ ಮುಂದೆ ಮಾತ್ರ ಜನ ಜೇನುಗೂಡಿನ ಹಾಗೆ ಮುತ್ತಿಕೊಂಡು ಒಳಗಿನ ಟಿವಿ ನೋಡುತ್ತಿದ್ದರು. ಕೆಲವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನೋಡಿ, ಇದನ್ನು ನೋಡುವುದಕ್ಕೆ ಇವರಿಗೆ ಹೊತ್ತಿದೆ! ಜಯಕುಮಾರ ಹಿಂದಿನಿಂದ ಇಣುಕಿದ. ಟಿವಿಯಲ್ಲಿ ಒಂದು ಖಾಲಿ ಕುರ್ಚಿ ಇತ್ತು. ಮೇಜಿನ ಮೇಲೆ ಮುದ್ದೆಯ ತಟ್ಟೆ, ಹಿಂದೆ ಗೋಡೆಯಲ್ಲಿ ಹಾರ ಹಾಕಿದ ಒಂದು ಫೋಟೋ.

"ಎಲ್ ಹೋದ್ನಪ್ಪಾ?" ಎಂದಳೊಬ್ಬಳು ಕಾತರದಿಂದ.

"ಇರಮ್ಮ, ಮುಖ ತೊಳ್ಯಕ್ ಹೋಗಿರ್ಬೇಕು. ಪಾಪ, ಅತ್ಬುಟ್ಟ," ಎಂದ ಪಾನಿಪೂರಿಯವನು.

"ಯಾವ್ದಣ್ಣ ಇದು ಸಿನಿಮಾ?" ಎಂದು ಕೇಳಿದ ಜಯಕುಮಾರ.

"ಶ್! ಸಿನಿಮಾ ಅಲ್ಲ, ಜಯಣ್ಣಂದು..." ಎಂದು ತಿರುಗಿದ ಪಾನಿಪೂರಿಯವನ ಬಾಯಿ ತೆರೆದೇ ಉಳಿಯಿತು. "ಬಂದ್ಬುಟ್ಟಾ! ಇಲ್ಲೇ ಅವ್ನೆ!"

ಆಮೇಲೆ ಆದದ್ದೆಲ್ಲ ಜಯಕುಮಾರನಿಗೆ ಅರೆಬರೆ ನೆನಪು. ಯಾರೋ ಎತ್ತಿದರು, ಯಾರೋ ಹೆಗಲು ಕೊಟ್ಟರು. ಹೆಗಲ ಮೇಲಿದ್ದಾಗಲೇ ಇಸ್ಮತ್ ಕೆಳಗಿನಿಂದ ಕೂಗಿ ಬಿಡಿಸಿ ಹೇಳಿದಳು. ಬೆಳಗಿನಿಂದ ಚಾನೆಲ್ ಒಂದು ಗಳಿಗೆಯೂ ನಿಂತಿರಲಿಲ್ಲ.

ಹೋದ ವರ್ಷ ಯಾರದೋ ನಾಮಕರಣದ ಲೈವ್ ನಡುವೆ ಕಂಪ್ಯೂಟರ್ ಕೈಕೊಟ್ಟು ಊರೆಲ್ಲ ಬೈದಿತ್ತು. ಆಗ ಇದೇ ಜಯಕುಮಾರ, ಇದೇ ಮನುವಿನ ಕೈಯಲ್ಲಿ, ಕಂಪ್ಯೂಟರ್ ನಿಂತರೆ ಲೈನು ತಂತಾನೇ ಕ್ಯಾಮೆರಾಗೆ ಹೊರಳುವಂತೆ ಒಂದು ಡಬ್ಬ ಹಾಕಿಸಿದ್ದ. ಅದನ್ನು ಮರೆತಿದ್ದ. ಕಂಪ್ಯೂಟರ್ ಅವನ ಇಲಾಖೆ, ಕ್ಯಾಮೆರಾ ಹೆಂಡತಿಯ ಇಲಾಖೆ, ಒಬ್ಬರ ಇಲಾಖೆಗೆ ಇನ್ನೊಬ್ಬರು ಕೈಹಾಕುವಂತಿಲ್ಲ. ಅವಳು ಬೀಗರೂಟದ ಆತುರದಲ್ಲಿ ಕ್ಯಾಮೆರಾ ಆರಿಸಿರಲಿಲ್ಲ. ಉರಿಯುವ ಕೆಂಪು ದೀಪವಾದರೂ ಕಾಣಬೇಕಿತ್ತಲ್ಲ ಎಂದರೆ, ವಾರ್ತೆ ಓದುವಾಗ ಕಣ್ಣಿಗೆ ಚುಚ್ಚುತ್ತದೆಂದು ಅವಳು ಅದರ ಮೇಲೆ ಹಣೆಗಿಡುವ ಸ್ಟಿಕ್ಕರ್ ಅಂಟಿಸಿಬಿಟ್ಟಿದ್ದಳು.

"ಹಂಗಾದ್ರೆ ಒಬ್ರಾದ್ರೂ ಫೋನ್ ಮಾಡಿ ಹೇಳ್ಬಾರ್ದಿತ್ತಾ?" ಎಂದು ಜಯಕುಮಾರ ಹೆಗಲ ಮೇಲಿಂದ ಗೋಳಾಡಿದ.

"ಹೆಂಗ್ ಮಾಡದಣ್ಣ? ಫೋನ್ ಬಂದ್ರೆ ಕಂಪ್ಯೂಟರ್ ಹಾಕ್ತೀನಿ ಅಂತ ನೀನೇ ಹೇಳ್ತಿದ್ದೆ. ಹಾಕುದ್ರೆ ಮತ್ತೆ ಅದೇ ಭಕ್ತಿಗೀತೆ! ಯಾರೂ ಫೋನ್ ಮಾಡ್ಬ್ಯಾಡಿ ಅಂತ ನಾನೇ ಬೀದಿಗೆಲ್ಲ ಹೇಳ್ ಕಳಿಸ್ದೆ," ಎಂದಳು ಇಸ್ಮತ್ ಹೆಮ್ಮೆಯಿಂದ.

ಮೆರವಣಿಗೆ ಮನೆ ಹೊಕ್ಕಿತು. ಅಶೋಕನೂ ಹುಚ್ಚಯ್ಯನವರೂ ಆಗಲೇ ಬಂದಿದ್ದರು. ಅಶೋಕ ಕುತ್ತಿಗೆ ಕೆರೆದುಕೊಂಡ. "ಜಯಣ್ಣ, ನಾನೂ ಬೆಳಗ್ಗಿಂದ ಟಿವಿ ಮುಂದಿಂದ ಎದ್ದಿಲ್ಲ, ನೋಡ್ತಾನೇ ಇವ್ನಿ. ಆದ್ರೆ ಹೋಟ್ಲಲ್ಲಿ ಎಲ್ರ ಮುಂದೆ ಮಾತಾಗೈತೆ. ಉಂಗುರದೋರಿಗೂ ಹೇಳಿವ್ನಿ. ಫೋನ್ ಒಂದೂ ಬರ್ಲಿಲ್ವಲ್ಲ."

"ಮಾತು ಮಾತೇ," ಎಂದರು ಹುಚ್ಚಯ್ಯ. ಚರಂಡಿ ಮಾಡಿಸಿಕೊಂಡ ಋಣವೂ ಅವರಿಗೆ ಅಡ್ಡ ಬರಲಿಲ್ಲ. ಜನ ಗಲಾಟೆ ಎಬ್ಬಿಸಿದರು.

ಜಯಕುಮಾರ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಅವನಿಗೆ ಈಗ ಸಿಟ್ಟಿರಲಿಲ್ಲ. ಊರು ತನ್ನನ್ನು ನೋಡಿತ್ತು, ಅಷ್ಟು ಸಾಕಾಗಿತ್ತು. "ಸೋತೆ ಅಂದ್ರೆ ಸೋತೆ. ನಮ್ಮಪ್ಪನ ಹೆಸರಲ್ಲಿ ಒಂದ್ಸಲ ಹಾಕಿ ಆಮೇಲೆ ನಿಲ್ಲಿಸ್ತೀನಿ," ಎಂದು ಕಂಪ್ಯೂಟರಿನ ಪ್ಲಗ್ಗು ಸಿಕ್ಕಿಸಿದ. ಟವೆಲ್ ತೆಗೆದು ಟಿವಿ ಹಾಕಿದ. ಆರೆಲ್ ವಿಷನ್ನಿನ ಹಳೇ ಟ್ಯೂನು ಮೊಳಗಿತು, ಗೂಡಿನ ರೇಟು ಓಡತೊಡಗಿತು.

ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಸ್ಪೀಕರ್ ಒತ್ತಿದ.

"ಅಣ್ಣಾ, ಐಜೂರಿಂದ ಮಾತಾಡ್ತಾ ಇವ್ನಿ. ಯಾಕಣ್ಣಾ ಬತ್ತಾ ಇಲ್ಲ?"

ಜಯಕುಮಾರ ಫೋನನ್ನು ಟಿವಿಯ ಕಡೆಗೆ ಹಿಡಿದ. "ಬತ್ತಾ ಐತಲ್ಲಮ್ಮಾ! ನೋಡು, ಗೂಡಿನ ರೇಟು!"

"ರೇಟ್ ಯಾರಿಗ್ ಬೇಕು? ನೀನ್ಯಾಕೆ ಬತ್ತಾ ಇಲ್ಲ? ಆಫ್ ಮಾಡಿ ಕುಂತ್ಕಳಣ್ಣಾ, ಮಕ್ಳು ಊಟ ಮಾಡ್ತಾ ಇಲ್ಲ!"

ಅವಳು ಇಡುವಷ್ಟರಲ್ಲಿ ಇನ್ನೊಂದು, ಅದರ ಹಿಂದೆಯೇ ಮತ್ತೊಂದು. ಫೋನು ನಿಜವಾಗಿಯೂ ಬಿಸಿಯಾಯಿತು. ಹುಚ್ಚಯ್ಯನವರು ಕಿಟಕಿಯಾಚೆ ನೋಡಿದರು, ಇನ್ನೂ ದೀಪ ಹತ್ತಿರಲಿಲ್ಲ. "ಗೆದ್ದೆ ಕಣ್ಲಾ ಮಗನೇ!" ಎಂದು ಅವನ ಬೆನ್ನಿಗೆ ಗುದ್ದಿದರು. ಸರಸಮ್ಮ ತಮ್ಮ ಮಲ್ಲಿಗೆಯನ್ನು ತೆಗೆದು ರಾಮಲಿಂಗಯ್ಯನವರ ಫೋಟೋಗೆ ಏರಿಸಿದರು. ಅಶೋಕ ಅಲ್ಲೇ ನಿಂತು ಉಂಗುರದವರಿಗೆ ಫೋನ್ ಮಾಡಿ, ಆಗಲ್ಲ ಸ್ವಾಮಿ, ಇದು ನಮ್ಮೂರ ಚಾನೆಲ್ಲು ಎಂದುಬಿಟ್ಟ. ಜಯಕುಮಾರ ಮಗುವಿನ ಹಾಗೆ ಅತ್ತ, ನಕ್ಕ, ಎಲ್ಲರ ಕೈ ಕುಲುಕಿದ. ಅಂಥ ಸಂತೋಷ ಅವನ ಮದುವೆಯ ದಿನವೂ ಆಗಿರಲಿಲ್ಲ.

ಮದುವೆಯ ನೆನಪಾದದ್ದೇ ತಡ, ಹೊರಗೆ ಆಟೋ ನಿಂತ ಸದ್ದಾಯಿತು. ಅದರ ಹಿಂದೆ ಒಂದು ಟೆಂಪೋ. ಬಾಗಿಲಲ್ಲಿ ರೇಷ್ಮೆ ಸೀರೆಯ ರಾಧಾಮಣಿ ಕಾಣಿಸಿಕೊಂಡಳು. ಹಿಂದೆ ಅವಳ ಅಪ್ಪ, ಮನು, ಹೊಸ ಮದುವಣಗಿತ್ತಿ, ಬೀಗರ ಕಡೆಯವರು. ಕೂಟಗಲ್ಲಿನ ಬೀಗರೂಟದ ಚಪ್ಪರದಲ್ಲೂ ಬೆಳಗಿನಿಂದ ಇದೇ ಚಾನೆಲ್ ನಡೆದಿತ್ತು. ಮಟನ್ ಸಾರಿನ ವಿಷಯ, ವೈರಿಂಗಿನ ವಿಷಯ, ಹೆಣ್ಣು ಕೊಟ್ಟ ಪುಣ್ಯಾತ್ಮನ ವಿಷಯ, ಎಲ್ಲವನ್ನೂ ಅವರು ಎಲೆಯ ಮುಂದೆ ಕೂತೇ ಕೇಳಿದ್ದರು.

"ನನ್ ನಂಬರ್ ಬ್ಲಾಕ್ ಮಾಡ್ತೀರಾ?" ಎಂದಳು ರಾಧಾಮಣಿ, ತೀರಾ ಮೆಲ್ಲಗೆ.

ಜನ ತಾವಾಗಿಯೇ ಗೋಡೆಗೆ ಸರಿದು ದಾರಿ ಬಿಟ್ಟರು. ಅಶೋಕ ಬಗ್ಗಿ ಕಂಪ್ಯೂಟರಿನ ಪ್ಲಗ್ಗನ್ನು ಮೃದುವಾಗಿ ಕಿತ್ತ. "ಅತ್ತಿಗೆ, ಈ ಕುರ್ಚೀಲಿ ಕುಂತ್ಕಳಿ. ಮಾವ, ನೀವು ಒಸಿ ಈ ಕಡೆ, ಬೆಳಕು ಚೆನ್ನಾಗ್ ಬೀಳ್ತದೆ. ಯಾವ್ ಆತುರಾನೂ ಇಲ್ಲ, ನಿಧಾನಕ್ಕೆ ಶುರು ಮಾಡಿ," ಎಂದ.

ಟಿವಿಯಲ್ಲಿ ಗೂಡಿನ ರೇಟು ಮಾಯವಾಗಿ, ನಡುವೆ ಕೂತ ಒಬ್ಬ ಬನಿಯನ್ನಿನ ಮನುಷ್ಯನೂ ಸುತ್ತ ಅವನ ಅತ್ತೆಮನೆಯವರೂ ಮೂಡಿದರು. ರಾಧಾಮಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ವಾರ್ತೆ ಓದುವ ಅದೇ ಸ್ಪಷ್ಟ ದನಿಯಲ್ಲಿ ಶುರುಮಾಡಿದಳು. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು ಈಗ ಫೋನ್ ಮಾಡಿ ನಿಲ್ಲಿಸಿ ಎನ್ನಬಾರದೇ ಎಂದು ಜಯಕುಮಾರ ಮೇಜಿನ ಮೇಲಿನ ಮೊಬೈಲನ್ನೇ ನೋಡುತ್ತ ಕುಳಿತ. ಊರೆಲ್ಲ ಟಿವಿಯ ಮುಂದಿತ್ತು, ಫೋನು ಸುಮ್ಮನಿತ್ತು.